ತಡಕದೆ ಕಳಿಸಿದ ಸಂಜೆ

"ನಿನ್ನ ಮೇಲೆ ನಂಬಿಕೆ ಇದೆ, ಹೋಗಪ್ಪಾ" ಎಂದು ನಾನಾಡಿದ ಒಂದೇ ಮಾತಿಗೆ ಮುನಿಸಾಮಿಯನ್ನು ಕಳೆದುಕೊಂಡೆ. ಶಿವಾಜಿನಗರದಲ್ಲಿ ನಲ್ಲಿ, ಪೈಪು ಮಾರುವ ನನ್ನ ಅಂಗಡಿಗೆ ಅಂಥ ಆಳು ಮತ್ತೆ ಸಿಗಲಿಲ್ಲ.

ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹತ್ತಿ ಕಂಟೋನ್ಮೆಂಟಿಗೆ ಕೆಲಸ ಹುಡುಕಿಕೊಂಡು ಬಂದವರಲ್ಲಿ ಅವನೊಬ್ಬ. ಮೊದಲ ದಿನ ಅಂಗಡಿ ಮುಚ್ಚುವ ಹೊತ್ತಿಗೆ ನನ್ನೆದುರು ಬಂದು ಎರಡೂ ತೋಳು ಚಾಚಿ ನಿಂತ. ಚಪ್ಪಲಿ ಬಿಟ್ಟಿದ್ದ, ಜೇಬು ಹೊರಕ್ಕೆಳೆದಿದ್ದ, ಟಿಫನ್ ಡಬ್ಬಿಯ ಮುಚ್ಚಳ ತೆಗೆದಿಟ್ಟಿದ್ದ.

"ಏನಯ್ಯಾ ಇದು?"

"ತಡಕಿಬಿಡಿ ಸಾರ್. ಮೈನ್ಸಲ್ಲಿ ಶಿಫ್ಟ್ ಬಿಟ್ರೆ ದಿನಾ ಚೆಕಿಂಗು. ಬಾಯಿ ಕೂಡ ತೆಗೆಸಿ ನೋಡೋರು."

ಕೇಳದೆ ಕೈ ತೋರಿಸುವವನು ಇನ್ನೆಲ್ಲೋ ಬಚ್ಚಿಟ್ಟಿರುತ್ತಾನೆ ಎಂದುಕೊಂಡು ಚೆನ್ನಾಗಿಯೇ ತಡಕಿದೆ. ಅವನು ಹೋದಮೇಲೆ ಹಿತ್ತಾಳೆ ನಲ್ಲಿಗಳನ್ನೂ ಎಣಿಸಿದೆ. ಒಂದೂ ಕಮ್ಮಿಯಿರಲಿಲ್ಲ. ಅನುಮಾನ ಇನ್ನೂ ಜಾಸ್ತಿಯಾಯಿತು. ಅವನಿಗೂ ನನ್ನ ಮೇಲೆ ಅಷ್ಟೇ ಅನುಮಾನ. ಯಾವತ್ತಾದರೂ ಸಂಜೆ ನಾನು ಅವಸರದಲ್ಲಿ ತಡಕಿದರೆ, "ಎಡಗಡೆ ಜೇಬು ಬಿಟ್ರಿ ಸಾರ್" ಅನ್ನುತ್ತಿದ್ದ.

ಹೀಗೇ ವರ್ಷವಾಯಿತು. ಒಂದು ಸಂಜೆ ಹಲಸೂರಿನ ಪ್ಲಂಬರೊಬ್ಬ ಇದನ್ನು ನೋಡಿ ನಕ್ಕ. "ಏನ್ ಗುರು, ಅಂಗಡೀನೋ ಜೈಲೋ?" ನನಗೆ ನಾಚಿಕೆಯಾಯಿತು. ಆಗಲೇ ನಂಬಿಕೆಯ ಮಾತು ಆಡಿದ್ದು.

ಮುನಿಸಾಮಿ ತೋಳು ಇಳಿಸಲಿಲ್ಲ. "ಇವತ್ತು ನೋಡಲ್ವಾ?"

"ಇನ್ಮೇಲೆ ನೋಡೋದೇ ಇಲ್ಲ. ನಾಳೆ ಬೇಗ ಬಾ, ಸ್ಟಾಕ್ ಎಣಿಸ್ಬೇಕು."

ಮಾರನೆಯ ದಿನ ಅವನು ಬರಲಿಲ್ಲ. ಏನೋ ಹೊತ್ತುಕೊಂಡೇ ಹೋಗಿದ್ದಾನೆ ಎಂದು ಸ್ಟಾಕನ್ನು ಮತ್ತೆ ಮತ್ತೆ ಎಣಿಸಿದೆ. ಎಲ್ಲ ಸರಿಯಾಗಿತ್ತು.

ಕೆಲವು ವಾರಗಳಾದ ಮೇಲೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಸಿಕ್ಕ. ಹೇಳದೆ ಕೇಳದೆ ಕೆಲಸ ಬಿಟ್ಟಿದ್ದಕ್ಕೆ ಬೈದೆ.

"ಇವತ್ತು ತಡಕಲ್ಲ ಅಂದ್ರಿ, ನಾಳೆ ಸ್ಟಾಕ್ ಅಂದ್ರಿ. ಒಂದು ನಲ್ಲಿ ಕಮ್ಮಿ ಬಂದ್ರೆ ಯಾರ ತಲೆಗೆ ಸಾರ್? ನಾನು ಕಳ್ಳ ಅನ್ನಿಸ್ಕೊಂಡ್ರೆ ನಮ್ಮ ರೈಲಲ್ಲಿ ಬರೋ ಒಬ್ಬನಿಗೂ ಈ ಊರಲ್ಲಿ ಕೆಲಸ ಸಿಗಲ್ಲ."

"ನಿಜವಾಗ್ಲೂ ನಂಬಿದ್ದೆ ಕಣಯ್ಯಾ!"

"ಅದಕ್ಕೆ ಸಾಕ್ಷಿ ಯಾರು ಸಾರ್?"

ಈಗ ಗಾರ್ಮೆಂಟ್ಸಿನಲ್ಲಿ ಇದ್ದಾನಂತೆ. "ಅಲ್ಲಿ ಗೇಟಲ್ಲೇ ದಿನಾ ತಡಕ್ತಾರೆ. ನೆಮ್ಮದಿಯಾಗಿದೀನಿ" ಅಂದ. ರೈಲು ಬಂತು, ಹತ್ತಿದ. ಆಮೇಲೆ ಅವನನ್ನು ನಾನು ನೋಡಿಲ್ಲ.

ಅಂಗಡಿ ಇಟ್ಟಿರುವವರಿಗೆ ಒಂದು ಮಾತು. ಊರಿನ ಕೆಲಸವೇ ಮುಚ್ಚಿಹೋಗಿ ನಿಮ್ಮ ಬಾಗಿಲಿಗೆ ಬಂದವನಿಗೆ ಬರೀ ಬಾಯಿಮಾತಿನ ನಂಬಿಕೆ ಕೊಡಬೇಡಿ. ಮೊದಲು ಅವನೆದುರೇ ಸ್ಟಾಕ್ ಎಣಿಸಿ, ಸರಿಯಿದೆ ಅಂತ ನಾಲ್ಕು ಜನ ಕೇಳುವ ಹಾಗೆ ಹೇಳಿ. ತಡಕುವುದನ್ನು ಆಮೇಲೆ ನಿಲ್ಲಿಸಿ.