ನೆಟ್ಟಗೆ ಮಾಡದ ಕಂಬಿ

೨೦೨೨ರ ಮಳೆಗಾಲ. ೨೦೨೧ ಎಂದು ನನ್ನ ಹೆಂಡತಿ ವಾದಿಸುತ್ತಾಳೆ, ಅವಳೇ ಸರಿಯಿರಬಹುದು. ಆಗ ನಾನು ಕೋಟೇಶ್ವರದಲ್ಲಿ ಸ್ಕೇಲ್ ಮಾಡೆಲ್ ಮಾಡುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೆ. ಈಗಲೂ ಅದೇ ಕೆಲಸ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಪಾಠ ಹೇಳಿ, ಅದು ಸಾಕೆನಿಸಿ ಔಷಧ ಕಂಪೆನಿಯೊಂದರ ಲ್ಯಾಬ್ ಸೇರಿ, ಅದೂ ಸಾಕೆನಿಸಿ ಇಲ್ಲಿಗೆ ಬಂದವನು ನಾನು. ಕೆಲಸ ಬದಲಾದರೂ ಜನ ‘ಮಾಷ್ಟ್ರೆ’ ಎಂದು ಕರೆಯುವುದನ್ನು ಬಿಡಲಿಲ್ಲ.

ಆರ್ಕಿಟೆಕ್ಟರಿಗೆ ಕಟ್ಟಡ, ಎಂಜಿನಿಯರಿಂಗ್ ಕಾಲೇಜಿಗೆ ಸೇತುವೆ, ಹಡಗಿನಲ್ಲಿ ದುಡಿದು ನಿವೃತ್ತರಾದವರ ಶೋಕೇಸಿಗೆ ಅವರದೇ ಹಡಗು, ಹೀಗೆ ಎಲ್ಲವನ್ನೂ ಕುಗ್ಗಿಸಿ ಕೊಡುವುದು ನನ್ನ ಉದ್ಯೋಗ. ಏಣಿ, ಜಾಲರಿ, ರೇಲಿಂಗ್‌ನಂಥ ಸಪೂರ ಭಾಗಗಳನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿದರೆ ದಪ್ಪವಾಗಿ ಕಾಣುತ್ತವೆ. ಅದಕ್ಕೆ ಫೋಟೊ ಎಚಿಂಗ್ ಎಂಬ ವಿಧಾನವಿದೆ. ಎರಡು ಕಾಗದದಷ್ಟು ದಪ್ಪದ ಹಿತ್ತಾಳೆಯ ತಗಡಿಗೆ ಬೆಳಕು ತಾಗಿದರೆ ಗಟ್ಟಿಯಾಗುವ ಲೇಪ ಬಳಿದು, ಅದರ ಮೇಲೆ ಚಿತ್ರವಿರುವ ಫಿಲ್ಮ್ ಇಟ್ಟು ಬೆಳಕು ಬಿಡುವುದು. ಬೆಳಕು ತಾಗದ ಕಡೆಯ ಲೇಪವನ್ನು ತೊಳೆದು, ತಗಡನ್ನು ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದರೆ ಬೇಡದ ಲೋಹವನ್ನೆಲ್ಲ ಅದು ತಿಂದುಹಾಕುತ್ತದೆ. ಕೊನೆಗೆ ಉಳಿಯುವುದು ಒಂದು ಚೌಕಟ್ಟು, ಅದರೊಳಗೆ ಕೂದಲಿನಂಥ ಪುಟ್ಟ ಕೊಂಡಿಗಳಿಗೆ ಜೋತುಬಿದ್ದ ಭಾಗಗಳು.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಹಾಳೆಯನ್ನು ಗಟ್ಟಿ ಟೈಲ್ಸ್ ಮೇಲಿಟ್ಟು ಬ್ಲೇಡನ್ನು ನೇರ ಕೆಳಗೆ ಒತ್ತಿ ಕೊಂಡಿ ಕತ್ತರಿಸಬೇಕು. ಅಡಿಯಲ್ಲಿ ಮೆತ್ತಗಿನದೇನಾದರೂ ಇದ್ದರೆ ಭಾಗವೇ ಬಾಗುತ್ತದೆ. ಕತ್ತರಿಸಿದಲ್ಲಿ ಉಳಿಯುವ ಮೊಳಕೆಯಂಥ ತುಣುಕನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು, ಅದೂ ಅಂಚಿನ ಉದ್ದಕ್ಕೆ. ಅಡ್ಡಡ್ಡ ಉಜ್ಜಿದರೆ ಅರ ಕಚ್ಚಿಕೊಂಡು ಎಲ್ಲ ಹಾಳು. ಈ ಭಾಗ ಒಮ್ಮೆ ಚೌಕಟ್ಟಿಗೆ ಅಂಟಿಕೊಂಡಿತ್ತು ಎಂದು ಯಾರಿಗೂ ತಿಳಿಯಬಾರದು. ನಾನು ಹೊಟ್ಟೆ ಹೊರೆಯುವುದೇ ಗುರುತು ಅಳಿಸುವುದರಿಂದ.

ಆ ವರ್ಷ ಜುಲೈ ತಿಂಗಳಲ್ಲಿ ಬೈಂದೂರು ಕಡೆಯಿಂದ ಗಿರಿಜಕ್ಕ ಎಂಬವರು ಮಗ ನಾಗೇಶನ ಜೊತೆ ಬಂದರು. ನಾಗೇಶ ಮೀನಿನ ಬೋಟಿನಲ್ಲಿ ಬಲೆ ಎಳೆಯುವವನು. ಹಿಂದಿನ ಸೀಸನ್ನಿನ ಕೊನೆಗೆ ಗಂಗೊಳ್ಳಿಯ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ದೊಡ್ಡ ತೆರೆಯೊಂದು ಬೋಟನ್ನು ಮಗ್ಗುಲಿಗೆ ತಿರುಗಿಸಿ ಇವನನ್ನು ಹೊರಗೆ ಎಸೆದಿತ್ತು. ಹಿಂಬದಿಯ ರೇಲಿಂಗ್ ಹಿಡಿದುಕೊಂಡು ನೇತಾಡುತ್ತಿದ್ದವನನ್ನು ಉಳಿದವರು ಎಳೆದು ಹಾಕಿಕೊಂಡರು. ಸುದ್ದಿ ಕೇಳಿದ ತಾಯಿ ಒಲೆಯ ಎದುರಿಗೇ ನಿಂತು ಊರಿನ ದೇವಿಗೆ ಹರಕೆ ಹೊತ್ತಿದ್ದರು: ಅದೇ ಬೋಟಿನ ಹಾಗಿರುವ ಒಂದು ಬೋಟನ್ನು ಒಪ್ಪಿಸುತ್ತೇನೆ, ಅದು ಆಗುವವರೆಗೆ ಮಗ ಕಡಲಿಗೆ ಹೋಗುವುದಿಲ್ಲ.

“ಬೆಳ್ಳಿ ಅಂಗ್ಡೀಲ್ ಹರ್ಕಿ ದೋಣಿ ಸಿಕ್ಕತ್ತಲೆ ಗಿರಿಜಕ್ಕ?” ಎಂದೆ.

“ಅದ್ರಲ್ ಕಂಬಿ ಎಲ್ಲಿತ್ ಮಾಷ್ಟ್ರೆ? ಅವ ಹಿಡ್ಕಂಡ ಕಂಬಿ ಇರ್ಕ್. ಅದಿಲ್ದಿರೆ ಹರ್ಕಿ ಆತಿಲ್ಲ.”

ನನಗೆ ದೇವರಲ್ಲಿ ನಂಬಿಕೆಯಿಲ್ಲ, ಹರಕೆಯಲ್ಲಂತೂ ಇಲ್ಲವೇ ಇಲ್ಲ. ಆದರೆ ಬೋಟಿನ ಮಾಡೆಲ್ ಮಾಡಲು ನಂಬಿಕೆ ಬೇಕಾಗಿಲ್ಲವಲ್ಲ. ಒಪ್ಪಿಕೊಂಡೆ. ನಾಗೇಶ ಮೊಬೈಲಿನಲ್ಲಿ ಕಳಿಸಿದ ಫೋಟೋಗಳಿಂದ ಅಳತೆ ತೆಗೆದೆ. ಬೋಟು ಕಟ್ಟುವ ಹೆಬ್ಬಲಸಿನ ಮರದ್ದೇ ತುಂಡೊಂದನ್ನು ತರಿಸಿ ಗೇಣುದ್ದಕ್ಕಿಂತ ತುಸು ಹೆಚ್ಚಿನ ಒಡಲು ಕೆತ್ತಿದೆ. ರೇಲಿಂಗ್, ಏಣಿ, ಕ್ಯಾಬಿನ್ನಿನ ಕಿಟಕಿಗಳನ್ನೆಲ್ಲ ಒಂದೇ ಹಿತ್ತಾಳೆ ಹಾಳೆಯಲ್ಲಿ ಎಚ್ ಮಾಡಿದೆ. ರೇಲಿಂಗಿಗೆ ಐದು ಗೂಟ, ಒಂದೊಂದೂ ಪೆನ್ಸಿಲ್ ಸೀಸಕ್ಕಿಂತ ಸಪೂರ.

ಬ್ಲೇಡು ಹಾಕುವ ಮುಂಚೆ ಹಾಳೆಯನ್ನು ದೇವಿಯ ಮುಂದಿಟ್ಟು ಪೂಜೆ ಮಾಡಿಸಬೇಕು ಎಂದರು ಗಿರಿಜಕ್ಕ. “ದೊಡ್ಡ ಬೋಟ್ ಕಟ್ಟೂಕೂ ಮುಂಚೆ ಮುಹೂರ್ತ ಮಾಡ್ತ್ರಲೆ, ಇದ್ಕ್ ಬ್ಯಾಡ್ದಾ?” ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು, ಟೇಪು ಸುತ್ತಿ, ಬಗ್ಗಿಸಬೇಡಿ ಎಂದು ಎರಡು ಸಲ ಹೇಳಿ ಕೊಟ್ಟೆ. ಎರಡು ಸಲ ಹೇಳಿದ್ದೆ ಎಂದು ನನ್ನ ನೆನಪು.

ಮಾರನೆಯ ದಿನ ಅವರು ತಂದು ಮೇಜಿನ ಮೇಲಿಟ್ಟದ್ದು ಒಂದು ಬಾಳೆಲೆಯ ಪೊಟ್ಟಣ. ಬಿಚ್ಚಿದರೆ ಒಳಗೆ ಹೂವು, ಗಂಧ, ಕುಂಕುಮ, ನಡುವೆ ಎರಡಾಗಿ ಮಡಚಿದ ನನ್ನ ಹಾಳೆ.

“ರಟ್ಟ್ ಎಲ್ ಹೋಯ್ತ್?”

“ರಟ್ಟಿಗ್ ಯಾರಾರೂ ಪೂಜಿ ಮಾಡ್ತ್ರಾ ಮಾಷ್ಟ್ರೆ? ತೆಗ್ದೆ. ಪ್ರಸಾದ ಕಟ್ಟಿ ತಂದೆ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೂವಿನ ಎಸಳುಗಳನ್ನು ಚಿಮಟದಿಂದ ಒಂದೊಂದಾಗಿ ಎತ್ತಿ ತೆಗೆದು ಹಾಳೆಯನ್ನು ನಿಧಾನವಾಗಿ ಬಿಡಿಸಿದೆ. ಆಶ್ಚರ್ಯವೆಂದರೆ ಹೆಚ್ಚಿನ ಭಾಗಗಳಿಗೆ ಏನೂ ಆಗಿರಲಿಲ್ಲ. ಮಡಿಕೆಯ ಹತ್ತಿರ ಕೊಂಡಿಗಳೇ ಬಾಗಿ, ಪೆಟ್ಟೆಲ್ಲ ತಾವೇ ತಿಂದು, ಏಣಿಯನ್ನೂ ಕಿಟಕಿಗಳನ್ನೂ ಉಳಿಸಿದ್ದವು. ಆದರೆ ರೇಲಿಂಗ್ ಮಡಿಕೆಗೆ ಅಡ್ಡವಾಗಿತ್ತು. ನಡುವಿನ ಗೂಟದ ಹತ್ತಿರ ಮೊಣಕೈಯಂತೆ ಬಾಗಿತ್ತು. ಬಾಗಿದ ಹಿತ್ತಾಳೆ ಅಲ್ಲಿಯೇ ಗಡುಸಾಗುತ್ತದೆ. ತಿರುಗಿಸಿ ನೆಟ್ಟಗೆ ಮಾಡಲು ಹೋದರೆ ಮುರಿಯಬಹುದು. ಭೂತಗನ್ನಡಿಯಲ್ಲಿ ನೋಡಿದಾಗ ಒಂದು ಕೂದಲ ಬಿರುಕೂ ಕಂಡಿತು.

“ಅಡ್ಡಿಲ್ಲ, ಇನ್ನೊಂದ್ ಹಾಳೆ ಮಾಡ್ತೆ. ಅದೇ ಹಿತ್ತಾಳಿ, ಅದೇ ಫಿಲ್ಮ್. ಒಂಚೂರೂ ವ್ಯತ್ಯಾಸ ಇರೂದಿಲ್ಲ” ಎಂದೆ.

ಗಿರಿಜಕ್ಕ ನನ್ನನ್ನೇ ನೋಡಿದರು. “ನಿಮ್ಗ್ ಇಬ್ರ್ ಮಕ್ಳಲ್ದಾ? ಒಬ್ಬಂಗ್ ಪೆಟ್ಟಾರೆ, ಅಡ್ಡಿಲ್ಲ, ಇನ್ನೊಬ್ಬ ಇದ್ದ ಅಂತ ಹೇಳ್ತ್ರಿಯಾ?”

ಅದು ತರ್ಕವಲ್ಲ. ಆದರೂ ಅದನ್ನೇ ನೆಟ್ಟಗೆ ಮಾಡಿಕೊಡಲು ಪ್ರಯತ್ನಿಸುತ್ತೇನೆ ಎಂದು ಕಳಿಸಿದೆ.

ಒಂದೆರಡು ದಿನ ಬಿಟ್ಟು ನಾಗೇಶ ಒಬ್ಬನೇ ಬಂದ. ಮಳೆಗಾಲದ ಮೀನುಗಾರಿಕೆಯ ನಿಷೇಧ ಮುಗಿಯುತ್ತಾ ಬಂದಿತ್ತು.

“ಹೊಸ್ದೇ ಮಾಡಿ ಹಾಕಿ ಮಾಷ್ಟ್ರೆ. ಅಮ್ಮಂಗ್ ಗೊತ್ತಾತಿಲ್ಲ, ನಾ ಹೇಳೂದೂ ಇಲ್ಲ. ಫಸ್ಟ್ ಟ್ರಿಪ್ಪಿಗ್ ನಾ ಹೋಗ್ದಿರೆ ನನ್ ಜಾಗಕ್ಕ್ ಬೇರೆಯವ್ರ್ ಬತ್ರ್. ಮತ್ತ್ ವರ್ಷಪೂರ್ತಿ ಮನೇಲ್ ಕೂಕಣ್ಕ್.”

ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಹಳೆಯದು ಎಷ್ಟು ಹಾಳಾಗಿದೆ ಎಂದು ತೋರಿಸಲು ಅವನನ್ನು ಭೂತಗನ್ನಡಿಯ ಮುಂದೆ ಕೂರಿಸಿದೆ. ಅವನು ಬಗ್ಗಿ ನೋಡಿದ. ಅವನ ಬಲಗೈ ಮೇಜಿನ ಅಂಚನ್ನು ಹಿಡಿದುಕೊಂಡದ್ದು ನನಗೆ ಕಂಡಿತು. ಹಿಡಿದದ್ದು ಅವನಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

“ಇದ್ ಹಾಂಗೇ ಇತ್ತಲೆ” ಎಂದ.

“ಎಂತ ಹಾಂಗೆ?”

“ನಮ್ ಬೋಟಿಂದ್. ಇಲ್ಲೇ ಬಗ್ಗಿದ್, ಈ ನಡು ಗೂಟದ್ ಹತ್ರ.”

“ನೀ ಕೊಟ್ಟ ಫೋಟೋದಲ್ ನೆಟ್ಟಗಿತ್ತಲ್ದಾ?”

“ಅದ್ ಬೋಟ್ ನೀರಿಗ್ ಇಳ್ಸಿದ್ ದಿನದ್ ಫೋಟೋ. ಬಗ್ಗಿದ್ ಆ ದಿನ, ನಾ ಹಿಡ್ಕಂಡಾಗ. ಅಮ್ಮಂಗ್ ಹೇಳ್ಲಿಲ್ಲ. ಕಬ್ಬಿಣ ಬಗ್ಗುವಷ್ಟ್ ತೆರೆ ಇದ್ದಿತ್ ಅಂತ ಗೊತ್ತಾರೆ ಅವ್ಳ್ ಮತ್ತೆ ಬಿಡ್ತ್ಳಾ ನನ್ನ?”

ಕೇಳಿದ್ದನ್ನು ನಂಬುವವನಲ್ಲ ನಾನು. ಅವತ್ತೇ ಅವನ ಬೈಕಿನ ಹಿಂದೆ ಕುಳಿತು ಗಂಗೊಳ್ಳಿಗೆ ಹೋದೆ. ಮಳೆ ಹನಿಯುತ್ತಿತ್ತು. ಬಂದರಿನಲ್ಲಿ ಒಂದಕ್ಕೊಂದು ಹಗ್ಗ ಕಟ್ಟಿ ನಿಲ್ಲಿಸಿದ ಬೋಟುಗಳನ್ನು ದಾಟಿ ದಾಟಿ ಅವನ ಬೋಟಿಗೆ ಹೋದೆವು. ಹಿಂಬದಿಯಲ್ಲಿ ರೇಲಿಂಗ್ ಇತ್ತು. ಐದು ಗೂಟ, ನಡುವಿನದು ಹೊರಕ್ಕೆ ವಾಲಿ, ಮೇಲಿನ ಪೈಪು ಅಲ್ಲಿಯೇ ಮೊಣಕೈಯಂತೆ ಬಾಗಿತ್ತು.

ನಾನು ಅದರ ಮೇಲೆ ಕೈಯಿಟ್ಟೆ. ಕೈಯ ಹಿಡಿ ತುಂಬುವ ಕಬ್ಬಿಣ. ಎರಡು ಕೈಯಲ್ಲಿ ಹಿಡಿದು ಮೈಭಾರ ಬಿಟ್ಟು ಒತ್ತಿದೆ, ಎಳೆದೆ, ಕಾಲು ಕೊಟ್ಟು ತಳ್ಳಿದೆ. ಒಂದು ಕೂದಲಿನಷ್ಟೂ ಮಿಸುಕಲಿಲ್ಲ. ಬಾಳೆಲೆಯೊಂದು ನನ್ನ ಮೇಜಿನ ಮೇಲೆ ಮಾಡಿದ್ದನ್ನು ನೀರು ಇಲ್ಲಿ ಮಾಡಿತ್ತು. ಆ ನೀರಿಗೂ ಈ ಕಬ್ಬಿಣಕ್ಕೂ ನಡುವೆ ಈ ಸಪೂರ ಹುಡುಗ ಇದ್ದ, ಮತ್ತು ಈಗ ನನ್ನ ಪಕ್ಕದಲ್ಲಿ ನಿಂತು ಮಳೆಗೆ ಟೊಪ್ಪಿ ಸರಿಮಾಡಿಕೊಳ್ಳುತ್ತಿದ್ದ. ನನ್ನ ಮೈ ಜುಮ್ಮೆಂದಿತು. ಇದು ನನ್ನ ವೃತ್ತಿಯ ಬಗೆಗಿನ ಈ ಬರಹದಲ್ಲಿ ಬರಬೇಕಾದ ಮಾತಲ್ಲ, ಆದರೆ ಆದದ್ದು ಹಾಗೆ.

ದಾರಿಯಲ್ಲಿ ಬರುತ್ತಾ ಲೆಕ್ಕ ಹಾಕಿದೆ. ಎಲೆ ಮಡಚುವವರು ನಡುವಿನಲ್ಲೇ ಮಡಚುತ್ತಾರೆ, ರೇಲಿಂಗಿನ ನಡು ಗೂಟ ಇದ್ದದ್ದೂ ಹಾಳೆಯ ನಡುವಿನಲ್ಲೇ. ರೇಲಿಂಗಿಗೆ ಭಾರ ಬಿದ್ದರೆ ಅದು ತುದಿಗಿಂತ ನಡುವಿನಲ್ಲೇ ಬಾಗುತ್ತದೆ. ಎರಡೂ ಒಂದೇ ಗೂಟದ ಹತ್ತಿರ ಬಾಗಿದ್ದರಲ್ಲಿ ಪವಾಡವೇನೂ ಇಲ್ಲ. ಲೆಕ್ಕ ಸರಿಯಾಗಿತ್ತು, ಮೈ ಜುಮ್ಮೆಂದದ್ದು ಮಾತ್ರ ಇಳಿಯಲಿಲ್ಲ.

ಇನ್ನು ಹಿತ್ತಾಳೆಯನ್ನು ನೆಟ್ಟಗೆ ಮಾಡುವುದೆಂದರೆ ಸುಳ್ಳು ಮಾಡಿದ ಹಾಗೆ. ಹಾಗೇ ಬಿಡುವುದೆಂದರೆ ಗಿರಿಜಕ್ಕನಿಗೆ ಕಾರಣ ಹೇಳಬೇಕು. ಹೇಳಿದರೆ ಅವರು ಮಗನನ್ನು ಎಂದಿಗೂ ಕಡಲಿಗೆ ಬಿಡದೆ ಇರಬಹುದು. “ಹೇಳೂದ್, ಬಿಡೂದ್ ನಿಂಗ್ ಬಿಟ್ಟದ್” ಎಂದೆ ನಾಗೇಶನಿಗೆ.

ಮರುದಿನ ಅವನು ತಾಯಿಯನ್ನು ಕರೆದುಕೊಂಡು ಬಂದು, ವರ್ಕ್‌ಶಾಪಿನಲ್ಲಿ ನನ್ನ ಎದುರಿಗೇ ಹೇಳಿದ. ಬಹಳ ಕಡಿಮೆ ಮಾತಿನಲ್ಲಿ, ನೆಲ ನೋಡುತ್ತಾ. ಗಿರಿಜಕ್ಕ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಭೂತಗನ್ನಡಿಯ ಮುಂದೆ ಕುಳಿತು, ಒಂದು ಕಣ್ಣು ಮುಚ್ಚಿ, ಆ ಹಿತ್ತಾಳೆಯ ಎಳೆಯನ್ನು ನೋಡುತ್ತಲೇ ಇದ್ದರು.

“ಕೈ ಬಿಡ್ಲಿಲ್ಯಲೆ ನೀ?”

“ಇಲ್ಲ ಅಮ್ಮ.”

“ಬಗ್ಗಿತ್, ಆದ್ರೂ ಕಂಬಿಯೂ ನಿನ್ನ ಬಿಡ್ಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಹ್ವಾಯ್ ಮಾಷ್ಟ್ರೆ, ಇದನ್ನ ನೆಟ್ಟಗ್ ಮಾಡ್ಬ್ಯಾಡಿ.”

“ದೇವ್ರಿಗ್ ಭಿನ್ನ ಆದದ್ದ್ ಆತಿಲ್ಲ ಅಂತ ಭಟ್ರ್ ಹೇಳಿರೆ?”

“ಭಟ್ರಿಗ್ ನಾ ಹೇಳ್ತೆ. ನೀವ್ ನಿಮ್ ಕೆಲ್ಸ ಕಾಣಿ.”

ನನ್ನ ಕೆಲಸ ಅಷ್ಟು ಸುಲಭವಿರಲಿಲ್ಲ. ನೆಟ್ಟಗಿನ ಭಾಗ ಟೈಲ್ಸ್ ಮೇಲೆ ಮಲಗಿರುತ್ತದೆ. ಬಾಗಿದ್ದು ಸೇತುವೆಯಂತೆ ಎದ್ದು ನಿಲ್ಲುತ್ತದೆ. ಬ್ಲೇಡು ಒತ್ತಿದರೆ ಬಿರುಕಿರುವಲ್ಲಿ ಎರಡಾಗುವುದು ಖಂಡಿತ. ಬಾಗಿದ ಜಾಗದ ಅಡಿಗೆ ಕರಗಿಸಿದ ಮೇಣ ತುಂಬಿ ಆರಲು ಬಿಟ್ಟೆ. ಕತ್ತರಿಸುವಾಗ ಹಾರಿಹೋಗದಿರಲಿ ಎಂದು ಮೇಲಿಂದ ಟೇಪು ಹಚ್ಚಿದೆ. ಫ್ಯಾನ್ ಆರಿಸಿದೆ. ತುದಿಗಳ ಕೊಂಡಿಗಳು ಸುಲಭವಾಗಿ ಬಿಟ್ಟವು. ಬಿರುಕಿನ ಪಕ್ಕದ ಕೊಂಡಿಯನ್ನು ಮಾತ್ರ ಭಾಗದ ಬುಡದಲ್ಲಿ ಕತ್ತರಿಸಲು ಧೈರ್ಯವಾಗಲಿಲ್ಲ. ಚೌಕಟ್ಟಿನ ಕಡೆಯಿಂದ ಕತ್ತರಿಸಿ, ಬಾಲದಂತೆ ಉಳಿದದ್ದನ್ನು ಅರದಲ್ಲಿ ಅಂಚಿನ ಉದ್ದಕ್ಕೆ ಒಂದೊಂದೇ ಎಳೆ ಉಜ್ಜುತ್ತಾ ಬಂದೆ.

“ಉಸ್ರ್ ಬಿಡಿ ಮಾಷ್ಟ್ರೆ, ಸತ್ ಹೋತ್ರಿ” ಎಂದರು ಗಿರಿಜಕ್ಕ ಪಿಸುಮಾತಿನಲ್ಲಿ. ಅವರೂ ಉಸಿರು ಬಿಟ್ಟಿರಲಿಲ್ಲ.

ಬಿರುಕು ತಡೆದುಕೊಂಡಿತು. ಮೇಣವನ್ನು ಬಿಸಿನೀರಿನಲ್ಲಿ ಬಿಡಿಸಿ, ಕಿಲುಬು ಹೋಗಲೆಂದು ವಿನೆಗರಿನಲ್ಲಿ ಅದ್ದಿ, ತೊಳೆದು, ಒಣಗಿಸಿದೆ. ಕೊಂಡಿಗಳಿದ್ದ ಜಾಗ ಎಲ್ಲಿತ್ತೆಂದು ನನಗೇ ಗೊತ್ತಾಗದಷ್ಟು ನಯ. ಬಾಗಿದ್ದು ಬಾಗಿದ ಹಾಗೆಯೇ. ಅದನ್ನು ಹೆಬ್ಬಲಸಿನ ಒಡಲಿನ ಹಿಂಬದಿಯಲ್ಲಿ ನಿಲ್ಲಿಸಿ ಅಂಟಿಸಿದೆ. ನಾನು ಮಾಡಿದ ಬೋಟುಗಳಲ್ಲಿ ಕಡಲು ಕಂಡದ್ದು ಅದೊಂದೇ ಎನಿಸಿತು.

ಗಿರಿಜಕ್ಕ ಬೋಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲಿಗೆ ಹೋಗಿ, ಮಗನ ಕಡೆ ತಿರುಗದೆ ಹೇಳಿದರು: “ನಾಳೆ ಇದನ್ನ ಒಪ್ಸ್ಕಂಡ್ ಬಪ್ಪ. ಮತ್ತ್ ನೀ ಹೋಪುದಾರೆ ಹೋಗ್. ನಾ ಬ್ಯಾಡ ಹೇಳೂದಿಲ್ಲ.”

ಈ ಬರಹಕ್ಕಾಗಿ ಇತ್ತೀಚೆಗೆ ನಾಗೇಶನಿಗೆ ಫೋನ್ ಮಾಡಿ, ಅವತ್ತು ಹಿಡಿದದ್ದು ನಡುವಿನ ಗೂಟವನ್ನೇ ಅಲ್ಲವೇ ಎಂದು ಕೇಳಿದೆ. “ಯಾರಿಗ್ ಗೊತ್ತಿತ್ ಮಾಷ್ಟ್ರೆ, ನಾ ಕಣ್ ಮುಚ್ಕಂಡಿದ್ದೆ” ಎಂದು ನಕ್ಕ. ಆದ್ದರಿಂದ ನಾನು ಬರೆದದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಉಜ್ಜಿ ನಯ ಮಾಡಿದ್ದು ಎಂದು ಪ್ರಮಾಣ ಮಾಡಿ ಹೇಳಲಾರೆ. ಬೋಟಿನ ಕಬ್ಬಿಣ ಬಾಗಿದ್ದನ್ನು ಮಾತ್ರ ಕೈಯಾರೆ ಮುಟ್ಟಿದ್ದೇನೆ.

ಅಂದಿನಿಂದ ಅರ ಎತ್ತಿಕೊಳ್ಳುವ ಮುಂಚೆ ಒಂದು ಗಳಿಗೆ ನಿಲ್ಲುತ್ತೇನೆ. ಈ ಗುರುತು ನಾನು ಮಾಡಿದ್ದೇ, ಅಥವಾ ಬೇರೆ ಯಾರದೋ ಬದುಕಿನಲ್ಲಿ ಆದದ್ದೇ? ನಾನು ಮಾಡಿದ್ದಾದರೆ ಅಳಿಸುವುದು ನನ್ನ ಕೆಲಸ. ಅವರದಾದರೆ ಮೊದಲು ಅವರನ್ನು ಕೇಳಬೇಕು.