ನಮ್ಮ ಬಡಾವಣೆಯ ಓಟು, ಫೋನು ಮತ್ತು ಸ್ಟೀಲ್ ಡಬ್ಬಿ

ನನಗೆ ಐವತ್ತೆರಡು ವರ್ಷ. ಕುರುಗೋಡಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತೇನೆ, ಬಳ್ಳಾರಿಯಲ್ಲಿ ಮನೆ, ಹೋಗಿ ಬರುವ ಬಸ್ಸಿನಲ್ಲಿ ಫೋನ್ ಹಿಡಿದು ಗೇಮ್ ಆಡುತ್ತೇನೆ. ಮೊದಲ ಎರಡು ಮಾತಿಗೆ ತಲೆಯಾಡಿಸುವ ಜನ ಮೂರನೆಯದಕ್ಕೆ ನನ್ನ ಮುಖ ನೋಡುತ್ತಾರೆ.

ಇದನ್ನು ಹಚ್ಚಿಸಿದವಳು ನನ್ನ ಅಣ್ಣನ ಮಗಳು. ಬೇಸಿಗೆ ರಜೆಯಲ್ಲಿ ಸಿರುಗುಪ್ಪದ ತವರಿಗೆ ಹೋದಾಗ ಊರು ಕಟ್ಟುವ ಆಟವೊಂದನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ನಾನು ಸಂಭ್ರಮದಿಂದ ಸಾಲು ಸಾಲು ಮನೆ ಕಟ್ಟಿದೆ. ಒಬ್ಬರೂ ಬಂದು ಸೇರಲಿಲ್ಲ. ಅವಳು ಇಣುಕಿ ನೋಡಿ, "ಅತ್ತೀ, ನಳಾನ ಹಾಕಿಲ್ಲಲ್ಲ. ನೀರಿಲ್ದ ಊರಿಗೆ ಯಾರ್ ಬರ್ತಾರ?" ಎಂದು ನಕ್ಕಳು. ಅಂದಿನಿಂದ ಬಿಟ್ಟಿಲ್ಲ.

ಗೇಮುಗಳ ಬಗ್ಗೆ ನನ್ನ ಅಭಿಪ್ರಾಯಗಳು ಗಟ್ಟಿ. ನಮ್ಮ ಶಾಲೆಯ ಹುಡುಗರು ಆಡುವ ಗುಂಡು ಹಾರಿಸುವ ಆಟವನ್ನೂ ಒಂದು ವಾರ ಆಡಿ ನೋಡಿದೆ. ನಾನು ಯಾವ ಕಡೆ ಮುಖ ಮಾಡಿ ನಿಂತಿದ್ದೇನೆಂದು ತಿಳಿಯುವಷ್ಟರಲ್ಲಿ ಸತ್ತಿರುತ್ತಿದ್ದೆ. ಮಕ್ಕಳು ಅದರಿಂದ ಕೆಟ್ಟುಹೋಗುತ್ತಾರೆಂದು ನಾನು ನಂಬುವುದಿಲ್ಲ. ಆದರೆ ಸೋತವರಿಂದ ದುಡ್ಡು ಪಡೆದು ಗೆಲುವು ಮಾರುವ ಆಟಗಳಿವೆಯಲ್ಲ, ಅವು ಆಟವೇ ಅಲ್ಲ. ಸೋಲುವುದಾದರೆ ನೆಟ್ಟಗೆ ಸೋಲಬೇಕು.

ಫೋನಿನ ಬಗ್ಗೆ ನನಗೆ ಸಿಟ್ಟಿಲ್ಲ ಎಂದಲ್ಲ. ಆಡುಮಾತಿನಲ್ಲಿ "ಮನಿ" ಎಂದು ಬರೆದರೆ ಅದು "ಮಣಿ" ಎಂದು ತಿದ್ದುತ್ತದೆ. ನೆಂಟರಿಗೆಲ್ಲ ನಾನು "ಸಂಜೀಕ ಮಣಿಗೆ ಬರ್ರಿ" ಎಂದು ಕಳಿಸಿಬಿಟ್ಟಿದ್ದೆ. ಮೂವತ್ತು ವರ್ಷ ಕನ್ನಡ ಕಲಿಸಿದವಳನ್ನು ಒಂದು ಯಂತ್ರ ತಿದ್ದುವುದೆಂದರೇನು! ಆದರೂ ಅದನ್ನು ಬಳಸಲು ಬರುವುದಿಲ್ಲ ಎಂದು ಮಾತ್ರ ನನ್ನ ಬಗ್ಗೆ ಯಾರೂ ಹೇಳುವಂತಿಲ್ಲ.

ಈಚೆಗೆ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಚುನಾವಣೆ ಬಂತು. ಅಧ್ಯಕ್ಷರು ಎರಡು ಅವಧಿಯಿಂದ ಇದ್ದವರು, ಪೈಪು ಮೋಟಾರಿನ ಅಂಗಡಿ ನಡೆಸುವವರು. ಕೆಲಸಗಾರರೇ. ಆದರೆ ಸಭೆ ಕರೆಯುತ್ತಿರಲಿಲ್ಲ. ತಾವೇ ತೀರ್ಮಾನ ಮಾಡಿ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಕೈ ಮುಗಿದ ಚಿತ್ರ ಅಂಟಿಸಿಬಿಡುತ್ತಿದ್ದರು. ಅದಕ್ಕೇ ನಾನು ಅವರ ಎದುರು ನಿಂತ ನಿವೃತ್ತ ಗುಮಾಸ್ತರೊಬ್ಬರ ಪರವಾಗಿದ್ದೆ. ಬಸ್ಸಿನಲ್ಲಿ ದೇಶದ ರಾಜಕೀಯಕ್ಕೆ ಗಂಟಲು ಹರಿಯುವಂತೆ ಜಗಳವಾಡುವ ಜನ ತಮ್ಮ ಬೀದಿಯ ಸಭೆಗೆ ಬರುವುದಿಲ್ಲವೆಂಬುದು ನನ್ನ ಹಳೆಯ ತಕರಾರು. ಅದನ್ನು ನನ್ನ ಗಂಡನಿಗೂ ಹೇಳುತ್ತಿರುತ್ತೇನೆ.

ಈ ಸಲ ಓಟು ಫೋನಿನಲ್ಲೇ ಹಾಕಬೇಕೆಂದು ಅಧ್ಯಕ್ಷರು ಗುಂಪಿನಲ್ಲಿ ಬರೆದರು. ಒಂದು ಆ್ಯಪ್ ಇಳಿಸಿಕೊಳ್ಳಬೇಕು, ಸಂಘದ ದಾಖಲೆಯಲ್ಲಿರುವ ನಂಬರಿಗೆ ಓಟಿಪಿ ಬರುತ್ತದೆ, ಒತ್ತಿದರೆ ಮುಗಿಯಿತು. ನಾನು ಎರಡು ನಿಮಿಷದಲ್ಲಿ ಎಲ್ಲ ಸಿದ್ಧ ಮಾಡಿಕೊಂಡೆ. ಚೆನ್ನಾಗಿದೆ ಎಂದೇ ಅನಿಸಿತು.

ಮರುದಿನ ಸಂಜೆ ಎದುರು ಮನೆಯ ಅಕ್ಕ ಫೋನ್ ಹಿಡಿದು ಬಂದರು. ಅರವತ್ತು ದಾಟಿದವರು, ಗಂಡ ತೀರಿಕೊಂಡ ಮೇಲೆ ಮನೆಯ ಕೆಳಗಡೆ ನಾಲ್ಕು ಮಷೀನು ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಸುತ್ತಾರೆ.

"ಟೀಚರಮ್ಮ, ಇದ್ರಾಗ ಓಟು ಎಲ್ಲೈತಿ ನೋಡ್ರಿ," ಎಂದರು.

ಆ್ಯಪ್ ಇಳಿಸಿ ನಂಬರು ಹಾಕಿದೆ. ನೋಂದಣಿಯಾಗಿಲ್ಲ ಎಂದಿತು. ಮತ್ತೆ ಹಾಕಿದೆ. ಮತ್ತೆ ಅದೇ. ಆಮೇಲೆ ಗೊತ್ತಾಯಿತು, ಸಂಘದ ದಾಖಲೆಯಲ್ಲಿದ್ದದ್ದು ಅವರ ಗಂಡನ ನಂಬರು. ಅದು ಬಂದ್ ಆಗಿ ಯಾವ ಕಾಲವಾಯಿತೋ. ಸಹಾಯಕ್ಕೆಂದು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಸುತ್ತಿಸಿ ಕಡಿದುಹಾಕಿತು.

ಅಕ್ಕ ತೆಲುಗಿನಲ್ಲಿ ಏನೋ ಬೈದುಕೊಂಡು, ಕನ್ನಡಕ್ಕೆ ತಿರುಗಿ ಕೇಳಿದರು: "ಮನಿ ನಂದೈತಿ. ಸತ್ತವ್ರಿಗೆ ಓಟೈತಿ, ನನಗಿಲ್ಲೇನ್ರಿ?"

ಎರಡು ನಿಮಿಷದಲ್ಲಿ ಮುಗಿಸಿಕೊಂಡು ಹಿಗ್ಗಿದ್ದಕ್ಕೆ ನಾಚಿಕೆಯಾಯಿತು. ಆ ವಾರ ಬೀದಿಯಲ್ಲಿ ವಿಚಾರಿಸಿದೆ. ಕೆಲವರ ಮನೆಯಲ್ಲಿ ಸಾದಾ ಫೋನು, ಕೆಲವರದು ಮಗನ ನಂಬರು, ಮಗ ಇನ್ನೊಂದು ಊರಲ್ಲಿ.

ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸಭೆ ಕರೆಯಿರಿ ಎಂದು ಗುಂಪಿನಲ್ಲಿ ಬರೆದೆ. ಅಧ್ಯಕ್ಷರು ಕೈ ಮುಗಿದ ಚಿತ್ರ ಹಾಕಿದರು. ನಾನು ಮತ್ತೆ ಬರೆದೆ. ಮೂರನೇ ಸಲಕ್ಕೆ ಸಭೆ ಸೇರಿತು.

"ಮೇಡಂ, ಕಾಲಕ್ಕ ತಕ್ಕಂಗ ನಾವೂ ಬದಲಾಗಬೇಕ್ರಿ," ಎಂದು ಅಧ್ಯಕ್ಷರು ನಯವಾಗಿಯೇ ಶುರು ಮಾಡಿದರು. "ಸ್ವಲ್ಪ ಕಲಿತ್ರ ಎಲ್ಲಾರಿಗೂ ಬರ್ತೈತಿ. ನೀವೂ ಫೋನಿಗೆ ಹೆದರಬ್ಯಾಡ್ರಿ."

"ನಾನು ದಿನಾ ಎರಡು ತಾಸು ಫೋನಿನ್ಯಾಗ ಗೇಮ್ ಆಡ್ತೀನ್ರಿ," ಎಂದೆ. ಕುರ್ಚಿಗಳ ಕಡೆಯಿಂದ ನಗೆ ಎದ್ದಿತು. "ಹೆದರಿಕಿ ಇಲ್ಲ. ಆಟಕ್ಕ ಫೋನು ನಡಿತೈತಿ, ತಪ್ಪಿದ್ರ ನಾ ಒಬ್ಬಾಕಿ ಸೋಲ್ತೀನಿ. ಇಲ್ಲಿ ತಪ್ಪಿದ್ರ ಈ ಅಕ್ಕನ ಓಟು ಹೋಗ್ತೈತಿ. ಒಂದು ಡಬ್ಬಿ ಇಡ್ರಿ, ಚೀಟಿ ಕೊಡ್ರಿ. ಅರ್ಧ ದಿನದ ಕೆಲಸ."

"ಚೀಟಿ ಎಣಿಸೋರು ಯಾರು?"

"ನೀವೂ ಕುಂದರ್ರಿ, ನಾನೂ ಕುಂದರ್ತೀನಿ."

ಅಕ್ಕ ಎದ್ದು ನಿಂತು, "ಡಬ್ಬಿ ನಾ ಕೊಡ್ತೀನಿ," ಎಂದರು. ಕೈ ಎತ್ತಿಸಿದಾಗ ಚೀಟಿಯ ಕಡೆಗೇ ಹೆಚ್ಚು ಕೈ. ಅಧ್ಯಕ್ಷರು, "ಆತ್ರಿ, ಹಂಗ ಆಗ್ಲಿ," ಎಂದರು. ಮುಖ ಸಪ್ಪಗಾಗಿತ್ತು, ಆದರೆ ಮಾತು ತಪ್ಪಲಿಲ್ಲ.

ಮುಂದಿನ ಭಾನುವಾರ ಅಕ್ಕನ ಮನೆಯ ಸ್ಟೀಲ್ ಡಬ್ಬಿ ಬಂತು. ಮುಚ್ಚಳ ಕೊರೆಯುವುದು ಬೇಡವೆಂದು ಬಾಯಿಗೆ ಜೀನ್ಸ್ ಬಟ್ಟೆ ಕಟ್ಟಿ, ನಡುವೆ ಚೀಟಿ ಹೋಗುವಷ್ಟು ಸೀಳಿದ್ದರು. ಮಧ್ಯಾಹ್ನದ ಹೊತ್ತಿಗೆ ಎಂದೂ ಪಾರ್ಕಿಗೆ ಕಾಲಿಡದವರೂ ಬಂದು ಹೋಗಿದ್ದರು. ಅಧ್ಯಕ್ಷರ ಪಕ್ಕದಲ್ಲೇ ಕೂತು ಎಣಿಸಿದೆ.

ಗೆದ್ದವರು ಅವರೇ. ಸಣ್ಣ ಅಂತರವೂ ಅಲ್ಲ.

ಮನೆಗೆ ಬರುವಾಗ ಅಕ್ಕ ಖಾಲಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಜೊತೆಗಿದ್ದರು.

"ನಾ ಅವ್ರಿಗೇ ಹಾಕೀನ್ರಿ," ಎಂದರು.

"ಯಾರಿಗೆ?"

"ಅಧ್ಯಕ್ಷರಿಗೆ. ನಮ್ಮ ಮೂಲ್ಯಾಗ ಬೀದಿ ದೀಪ ಹಾಕ್ಸಿದ್ದು ಅವ್ರೇ ಅಲ್ಲೇನು? ಕೆಲಸಕ್ಕ ಬರೋ ಹೆಣ್ಮಕ್ಕಳು ಧೈರ್ಯದಿಂದ ಮನಿಗೆ ಹೋಗ್ತಾರ."

ಮೊದಲು ಚುರುಕ್ಕೆಂದಿತು. ಅಷ್ಟೆಲ್ಲ ಹೋರಾಡಿದ್ದು ಇದಕ್ಕೇನಾ ಎನಿಸಿತು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನಗು ಬಂತು. ನಾನು ಕೇಳಿದ್ದು ಅವರ ಓಟನ್ನು ಅವರಿಗೆ ಕೊಡಿಸಿ ಎಂದೇ ಹೊರತು ನನ್ನ ಕಡೆಯವರಿಗೆ ಕೊಡಿಸಿ ಎಂದಲ್ಲ. ಸೋತಿದ್ದೆ, ನೆಟ್ಟಗೆ ಸೋತಿದ್ದೆ. ನಾನು ಅಂದುಕೊಂಡದ್ದು ಸರಿಯೇ ಎಂಬ ನಂಬಿಕೆ ಮಾತ್ರ ಅಲುಗಲಿಲ್ಲ. ಚೀಟಿಯ ವಿಷಯದಲ್ಲೂ, ಅಧ್ಯಕ್ಷರ ವಿಷಯದಲ್ಲೂ.

ಅದೇ ವಾರ ಅಧ್ಯಕ್ಷರು ಗೇಟಿನ ಹತ್ತಿರ ಸ್ಕೂಟರು ನಿಲ್ಲಿಸಿ, "ಮೇಡಂ, ನಂಬರಿನ ಪಟ್ಟಿ ಹಳೇದಾಗೇತಿ. ನೀವೇ ಸರಿ ಮಾಡಿ ಕೊಡ್ರಲ್ಲ," ಎಂದರು.

"ಮಾಡ್ತೀನಿ. ತಿಂಗಳಿಗೊಂದು ಸಭೆ ಕರೀರಿ."

"ಎರಡು ತಿಂಗಳಿಗೊಂದು," ಎಂದರು. ಒಪ್ಪಿದೆ. ಈಗ ಸಂಜೆ ಬಸ್ಸಿಳಿದ ಮೇಲೆ ನೋಟ್‌ಬುಕ್ ಹಿಡಿದು ದಿನಕ್ಕೆ ಎರಡು ಮನೆಯ ಬಾಗಿಲು ತಟ್ಟುತ್ತೇನೆ. ಯಾವ ಮನೆಯಲ್ಲೂ ಚಹಾ ಕುಡಿಸದೆ ನಂಬರು ಹೇಳುವುದಿಲ್ಲ.