ರಜನಿ ಕುಟ್ಟಿದ ಅಂಜಪ್ಪನ ಹಾಡುಗಳು

ಜಹೀರಾಬಾದಿನ ಬಸ್‌ಸ್ಟ್ಯಾಂಡಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ರಜನಿ ಕಂಪ್ಯೂಟರಿನಲ್ಲಿ ತೆಲುಗು ಕುಟ್ಟಲು ಕೂತು ವರ್ಷಗಳೇ ಆಗಿದ್ದವು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಹೊಟ್ಟೆಪಾಡಿಗೆ ತೆಲುಗು. ಪ್ರತ್ಯೇಕ ರಾಜ್ಯ ಬೇಕೆಂಬ ಚಳವಳಿ ಕಾವೇರಿದ ಮೇಲಂತೂ ಬೆರಳಿಗೆ ಬಿಡುವಿಲ್ಲ. ಇವತ್ತು ಬಂದ್, ನಾಳೆ ಧರಣಿ, ಎಲ್ಲದಕ್ಕೂ ಒಂದೊಂದು ಕರಪತ್ರ. ಘೋಷಣೆ ಕೂಗಿದವರು ಮನೆಗೆ ಹೋಗುತ್ತಿದ್ದರು. ಈಕೆ ಬೆನ್ನು ನೋಯಿಸಿಕೊಂಡು ಕೂತೇ ಇರುತ್ತಿದ್ದಳು.

ಆ ಸಭೆಗಳಲ್ಲಿ ಹಾಡುತ್ತಿದ್ದವನು ಅವಳಪ್ಪ ಅಂಜಪ್ಪ. ತಾನೇ ತೆಲುಗಿನಲ್ಲಿ ಹಾಡು ಕಟ್ಟುವವನು. ನಾರಾಯಣಖೇಡದಿಂದ ಕರೆದರೂ ಹೊರಟ, ತಾಂಡೂರಿನಿಂದ ಕರೆದರೂ ಹೊರಟ. ಅವ್ವ ತೀರಿದ ಮೇಲೆ ಒಲೆ, ನೀರು, ತಂಗಿಯ ಓದು ಎಲ್ಲ ರಜನಿಯ ತಲೆಗೇ ಬಂದಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗೊಣಗುತ್ತಲೇ ಅವನು ಚೀಟಿಗಳಲ್ಲಿ ಬರೆದು ಕೊಟ್ಟ ಹಾಡುಗಳನ್ನು ಟೈಪು ಮಾಡುತ್ತಿದ್ದಳು. ಚೀಟಿ ಕಸಕ್ಕೆ ಹೋಗುತ್ತಿತ್ತು. ಈಗ ಗಂಟಲಿನ ಆಪರೇಷನ್ ಆಗಿ ಅವನ ದನಿ ಪಿಸುಮಾತಿಗಿಂತ ಮೇಲೇಳುವುದಿಲ್ಲ. ಹಾಡು ಉಳಿದದ್ದು ಅವಳ ಕಂಪ್ಯೂಟರಿನಲ್ಲಿ ಮಾತ್ರ.

ತಾಂಡೂರಿನ ಜೈಪಾಲ ಚಳವಳಿಯ ಹಾಡುಗಳ ಪುಸ್ತಕ ಹೊರತರುತ್ತಿದ್ದ. ರಜನಿ ಅಪ್ಪನ ಹಾಡುಗಳ ಫೈಲು ಕಳಿಸಿದ ಮಾರನೆಯ ದಿನವೇ ಅವನ ಫೋನು ಬಂತು.

“ಅಕ್ಕಾರ, ಬರೀ ಇಂಗ್ಲಿಷ್ ಗೀಚು ಕಾಣ್ಲತದರಿ. ಸೋಮವಾರಕ್ಕ ಸರಿ ಆಗ್ಲಿಲ್ಲಂದ್ರ ಕಾಕಾರ ಹಾಡು ಬಿಟ್ಟೇ ಪ್ರೆಸ್ಸಿಗೆ ಕೊಡಬೇಕಾಗ್ತದ.”

ಅವಳಿಗೆ ಜೀವವೇ ಸಾಕೆನಿಸಿತು. ಅಂಗಡಿಯ ಹಳೆ ಫಾಂಟಿನಲ್ಲಿ ತೆಲುಗು ಎಂಬುದು ಬರೀ ಮೇಲಿನ ವೇಷ. ಒಳಗೆ ಕೂತದ್ದು ಇಂಗ್ಲಿಷಿನ ಚಿಹ್ನೆ. ಆ ಫಾಂಟಿಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡಿನಲ್ಲಾದರೆ ಪ್ರತಿ ತೆಲುಗು ಅಕ್ಷರಕ್ಕೂ ಅದರದೇ ಒಂದು ಸಂಖ್ಯೆ, ಯಾವ ಕಂಪ್ಯೂಟರಿಗೆ ಹೋದರೂ ಅದೇ ಅಕ್ಷರ. ಹಳೆ ಫಾಂಟನ್ನು ಯೂನಿಕೋಡಿಗೆ ತಿರುಗಿಸಲು ಜೈಪಾಲ ಕಳಿಸಿದ ಪರಿವರ್ತಕಕ್ಕೆ ಹಾಕಿದರೆ ಅರ್ಧ ಸರಿ ಬಂತು, ಅರ್ಧ ಕಲಸುಮೇಲೋಗರ. ಡಿಟಿಪಿಯವರ ರೂಢಿಯೇ ಹಾಗೆ: ಒಂದು ಕೀಲಿಯಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಒತ್ತು, ತುಂಡು ತುಂಡು ಜೋಡಿಸಿ ಕಾಗದದ ಮೇಲೆ ಚಂದ ಕಂಡರೆ ಸಾಕು. ಕಣ್ಣು ನಂಬುತ್ತದೆ, ಯಂತ್ರ ನಂಬುವುದಿಲ್ಲ.

ಹಾಡುಗಳನ್ನೆಲ್ಲ ಗಟ್ಟಿಯಾಗಿ ಓದಿ ತಿದ್ದುವುದೊಂದೇ ದಾರಿ. ಭಾನುವಾರ ಅಪ್ಪನನ್ನು ಅಂಗಡಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳು ಓದುವುದು, ತಪ್ಪಿದಲ್ಲಿ ಅವನು ಮೇಜು ಬಡಿಯುವುದು. ಕರೆಂಟು ಹೋಗಿ ಬಂದು ಆಡುತ್ತಿತ್ತು. ಕುತ್ತಿಗೆ ಕಲ್ಲಾಗಿತ್ತು. ಮೇಜಿನ ಸದ್ದು ಕೇಳಿದಾಗಲೆಲ್ಲ ಅವಳಿಗೆ ರೇಗುತ್ತಿತ್ತು.

ಮಧ್ಯಾಹ್ನ ದಾಟಿದ ಮೇಲೆ ಒಂದು ಸಣ್ಣ ಹಾಡು ಬಂತು. ಓದುತ್ತ ಹೋದ ದನಿ ತಾನಾಗಿ ನಿಧಾನವಾಯಿತು. ರಾಜ್ಯ ಬಂದರೆ ಬರಲಿ, ತಡವಾದರೆ ಆಗಲಿ, ನನ್ನ ಮನೆಯಾಳುವ ಮಗಳ ಬೆರಳಿಗೆ ಒಂದು ದಿನ ರಜೆ ಸಿಗಲಿ, ನಾನು ಊರೂರು ತಿರುಗುವುದು ಅವಳು ಒಲೆ ಕಾಯ್ದದ್ದರಿಂದ ಎಂದಿತ್ತು ಅದು. ಅಪ್ಪ ಮೇಜು ಬಡಿಯಲಿಲ್ಲ.

“ಇದು ಯಾವಾಗ ಕಟ್ಟೀರಿ ಅಪ್ಪಾ?”

“ಮೂರು ವರ್ಷಾತು. ನೀನೇ ಟೈಪ್ ಮಾಡಿದ್ದಿ ಅಲ್ಲಾ?” ಅವನ ಪಿಸುಮಾತು ಫ್ಯಾನಿನ ಸದ್ದಿನಲ್ಲಿ ಅಷ್ಟಷ್ಟೇ ಕೇಳಿಸಿತು.

“ಟೈಪ್ ಮಾಡೀನ್ರಿ. ಓದಿಲ್ಲ.” ಹೇಳುವಾಗ ನಾಚಿಕೆಯಾಯಿತು. ದಿನವಿಡೀ ಕುಟ್ಟುವವಳಿಗೆ ಅಕ್ಷರ ಬರೀ ಆಕಾರ. ಅರ್ಥಕ್ಕೆ ಕಾಯುತ್ತ ಕೂತರೆ ಕೆಲಸ ಸಾಗುವುದಿಲ್ಲ.

ಅಂಜಪ್ಪ ಪರದೆಯ ಮೇಲಿನ ಆ ಹಾಡಿನತ್ತ ಬೆರಳು ತೋರಿಸಿದ.

“ಅವತ್ತು ನೀ ಏನೂ ಅನ್ನಲಿಲ್ಲ,” ಅಂದ. “ನನ್ನ ಮ್ಯಾಲ ಸಿಟ್ಟ ಅದ, ಈ ಹಾಡು ಬ್ಯಾಡಾಗ್ಯಾದ ಅಂತ ತಿಳಕೊಂಡೆ ಅವ್ವಾ. ಒಮ್ಮಿನೂ ಎಲ್ಲೂ ಹಾಡಲಿಲ್ಲ.”